ನಾಲ್ಕನೇ ತಂಡದ ಇಪ್ಪತ್ತು ಅಂಕಗಳು

ಶಿಬಿರದ ಮೂರನೆಯ ದಿನ ಸಂಜೆ ನಾಲ್ಕನೇ ತಂಡದವರು ಅಳತೆ ಬರೆದಿಟ್ಟ ಫೀಲ್ಡ್ ಬುಕ್ಕಿನ ಕೊನೆಯ ಪುಟದಲ್ಲಿ ಇಪ್ಪತ್ತಕ್ಕೆ ಮೂರು ಎಂದು ಬರೆದು ಸಹಿ ಮಾಡಿದೆ. ಅದು ಮೂರನೆಯ ದಿನವೇ ಎಂದು ನನ್ನ ದಿನಚರಿ ಹೇಳುತ್ತದೆ. ದಿನಚರಿ ಇಲ್ಲದಿದ್ದರೆ ಎರಡನೆಯ ದಿನ ಎಂದು ಆಣೆ ಮಾಡುತ್ತಿದ್ದೆ. ನನ್ನ ನೆನಪು ಅಂಥದ್ದು. ಎಲ್ಲವನ್ನೂ ಸ್ಪಷ್ಟವಾಗಿ ತೋರಿಸುತ್ತದೆ, ಆದರೆ ಎಷ್ಟೋ ಸಲ ಬೇರೆ ದಿನದ್ದನ್ನು ತೋರಿಸುತ್ತದೆ. ಹಾಗಾಗಿ ಇಲ್ಲಿರುವ ಅಂಕಿಗಳನ್ನೆಲ್ಲ ಪುಸ್ತಕ ನೋಡಿಯೇ ಬರೆಯುತ್ತಿದ್ದೇನೆ. ಮಾತುಗಳನ್ನು ಮಾತ್ರ ನೆನಪಿನಿಂದ ತೆಗೆದಿದ್ದೇನೆ. ಅವಕ್ಕೆ ಪುಸ್ತಕವಿಲ್ಲ.

ನಮ್ಮದು ಗದಗಿನ ಒಂದು ಡಿಪ್ಲೊಮಾ ಕಾಲೇಜಿನ ಸಿವಿಲ್ ವಿಭಾಗ. ಕೊನೆಯ ವರ್ಷದವರನ್ನು ಹಿಂಗಾರಿ ಬಿತ್ತನೆ ಮುಗಿಯುವ ಹೊತ್ತಿಗೆ ಒಂದು ವಾರದ ಸರ್ವೇ ಶಿಬಿರಕ್ಕೆ ಕರೆದುಕೊಂಡು ಹೋಗುತ್ತೇವೆ. ಸೊರಟೂರ ದಾಟಿ ಶಿರಹಟ್ಟಿ ಕಡೆ ಹೋಗುವಾಗ ಸಿಗುವ ಒಂದು ಊರು ಹಲವು ವರ್ಷಗಳಿಂದ ನಮಗೆ ಖಾಯಂ ಆಗಿದೆ. ಅಲ್ಲೊಂದು ಹಳೆಯ ಕೆರೆ, ಕೆರೆಗೆ ಗಟ್ಟಿಮುಟ್ಟಾದ ಕೋಡಿ, ಊರೊಳಗೆ ಹನುಮಪ್ಪನ ಗುಡಿ, ಉಳಿದುಕೊಳ್ಳಲು ಸಮುದಾಯ ಭವನ. ಆ ವರ್ಷ ಹದಿನಾರು ವಿದ್ಯಾರ್ಥಿಗಳಿದ್ದರು. ನಾಲ್ಕು ನಾಲ್ಕು ಜನರ ನಾಲ್ಕು ತಂಡ. ಜೊತೆಗೆ ನಾನು, ಮತ್ತು ಉಪಕರಣಗಳ ಕೋಣೆ ನೋಡಿಕೊಳ್ಳುವ ಅಟೆಂಡರ್. ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ. ನನಗಿಂತ ಹೆಚ್ಚು ಶಿಬಿರ ನೋಡಿದವರು.

ತಂಡಗಳ ಮೊದಲ ಕೆಲಸ ಲೆವೆಲಿಂಗ್, ಅಂದರೆ ಒಂದು ಜಾಗದಿಂದ ಇನ್ನೊಂದು ಜಾಗ ಎಷ್ಟು ಎತ್ತರ ಅಥವಾ ಎಷ್ಟು ತಗ್ಗು ಎಂದು ಕಂಡುಹಿಡಿಯುವುದು. ಕೋಡಿಯ ಕಲ್ಲಿನ ಮೇಲೆ ಹಿಂದೆ ಯಾರೋ ಕೆತ್ತಿಸಿದ ಗುರುತಿದೆ. ಅದರ ಎತ್ತರ ಸಮುದ್ರಮಟ್ಟದಿಂದ 641.250 ಮೀಟರ್. ಅಲ್ಲಿಂದ ಹೊರಟು, ಲೆವೆಲ್ ಯಂತ್ರವನ್ನು ಮುಕ್ಕಾಲಿಯ ಮೇಲೆ ಕೂರಿಸಿ, ಹಿಂದಿನ ಬಿಂದುವಿನ ಮೇಲೆ ನಿಲ್ಲಿಸಿದ ಅಳತೆಗೋಲನ್ನು ಒಮ್ಮೆ ಓದಬೇಕು, ಮುಂದಿನ ಬಿಂದುವಿನ ಮೇಲೆ ನಿಲ್ಲಿಸಿದ್ದನ್ನು ಇನ್ನೊಮ್ಮೆ ಓದಬೇಕು. ಹೀಗೆ ಒಂದೂವರೆ ಕಿಲೋಮೀಟರ್ ನಡೆದು ಗುಡಿಯ ಕಟ್ಟೆಗೆ ಬರಬೇಕು. ಕಟ್ಟೆಯ ಮೂಲೆಯಲ್ಲಿ ನಮ್ಮ ಕಾಲೇಜಿನವರೇ ಬರೆದ ಕೆಂಪು ಬಾಣವಿದೆ. ಅದರ ಎತ್ತರ 636.815 ಎಂದು ಹಳೆಯ ವರದಿಗಳೆಲ್ಲ ಹೇಳುತ್ತವೆ. ಆಮೇಲೆ ಹಾಗೆಯೇ ಅಳೆಯುತ್ತ ಕೋಡಿಗೆ ವಾಪಸ್. ಆ ದೂರಕ್ಕೆ ಮೂರು ಸೆಂಟಿಮೀಟರಿನವರೆಗೆ ವ್ಯತ್ಯಾಸ ಬಂದರೆ ಮಾಫಿ.

ಶಿಬಿರದಲ್ಲಿ ಅಂಕವಿರುವುದು ಈ ಒಂದು ಕೆಲಸಕ್ಕೇ, ಇಪ್ಪತ್ತು. ಆ ಇಪ್ಪತ್ತನ್ನು ಹೇಗೆ ಕೊಡಬೇಕು ಎಂಬುದು ನನಗೂ ನಮ್ಮ ವಿಭಾಗದ ಮುಖ್ಯಸ್ಥರಿಗೂ ಹಳೆಯ ಜಗಳ. ನಿವೃತ್ತಿಗೆ ಹತ್ತಿರ ಬಂದ ಅವರದು ಒಂದೇ ಮಾತು: ಹುಡುಗರು ಬಿಸಿಲಲ್ಲಿ ನಡೆದಿದ್ದಾರೆ, ನಡೆದದ್ದಕ್ಕೆ ಅಂಕ ಕೊಡಿ. ನಾನು ಹಾಗಲ್ಲ ಎನ್ನುತ್ತಿದ್ದೆ. ಕಾಲುವೆಯಲ್ಲಿ ಹರಿಯುವ ನೀರಿಗೆ ಇಳಿಜಾರು ಗೊತ್ತು, ಅಳೆದವನ ಬೆವರು ಗೊತ್ತಿಲ್ಲ ಎಂದು ವಿಭಾಗದ ಸಭೆಯಲ್ಲಿ ಒಮ್ಮೆ ಹೇಳಿದ್ದೆ. ಆ ವಾಕ್ಯದ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಕೊನೆಗೆ ಆ ವರ್ಷ ಅವರು ಒಪ್ಪಿದರು. ಉತ್ತರ 636.815ಕ್ಕೆ ಎಷ್ಟು ಹತ್ತಿರವೋ ಅಷ್ಟು ಅಂಕ. ನಿಯಮವನ್ನು ನಾನೇ ಬರೆದು ಸಮುದಾಯ ಭವನದ ಬಾಗಿಲಿಗೆ ಅಂಟಿಸಿದೆ.

ಮೊದಲ ತಂಡ 636.805 ತಂದಿತು. ಎರಡನೆಯದು 636.822. ಮೂರನೆಯ ತಂಡದ್ದು 636.815, ಒಂದು ಮಿಲಿಮೀಟರ್ ಆಚೀಚೆ ಇಲ್ಲ. ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟೆ. ನಾಲ್ಕನೇ ತಂಡದ್ದು 636.968. ಹದಿನೈದು ಸೆಂಟಿಮೀಟರಿಗೂ ಹೆಚ್ಚಿನ ತಪ್ಪು. ನನ್ನ ನಿಯಮದ ಪ್ರಕಾರ ಮೂರು ಅಂಕ, ಅದೂ ಪುಸ್ತಕ ಅಚ್ಚುಕಟ್ಟಾಗಿದ್ದುದಕ್ಕೆ.

ಆ ತಂಡದ ಮುಂದಾಳು ಬೆಟಗೇರಿಯ ಹುಡುಗಿ. ತಂಡದ ಉಳಿದ ಮೂವರಿಗೆ ಮೂರು ಅಂಕದಿಂದ ಬೇಸರವಾಯಿತು, ಅಷ್ಟೇ. ಅವಳಿಗೆ ಹಾಗಲ್ಲ. ಆ ಸೆಮಿಸ್ಟರಿನಲ್ಲಿ ಡೆಂಗಿ ಬಂದು ಅವಳಿಗೆ ಒಂದೂವರೆ ತಿಂಗಳು ತರಗತಿ ತಪ್ಪಿತ್ತು. ತರಗತಿಯ ಮೂವತ್ತರಲ್ಲಿ ಅವಳಿಗಿದ್ದದ್ದು ಹದಿಮೂರು. ತರಗತಿಯದೂ ಶಿಬಿರದ್ದೂ ಸೇರಿ ಐವತ್ತಕ್ಕೆ ಇಪ್ಪತ್ತು ಬರದಿದ್ದರೆ ಅಂತಿಮ ಪರೀಕ್ಷೆಗೆ ಕೂರುವಂತಿಲ್ಲ. ಒಂದು ವರ್ಷ ಕಾಯಬೇಕು. ಶಿಬಿರದಲ್ಲಿ ಏಳು ಬಂದಿದ್ದರೆ ಸಾಕಿತ್ತು. ನಾನು ಮೂರು ಬರೆದಿದ್ದೆ.

ಅವಳು ಪುಸ್ತಕ ಹಿಡಿದುಕೊಂಡು ಬಂದಾಗ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಪುಸ್ತಕ ತೆರೆದು ನನ್ನ ಮುಂದಿಟ್ಟಳು.

“ಸರ್, ಮೂರು ಸಲ ಮಾಡೇವ್ರಿ. ಮೊದಲನೇ ಸಲ ಅರವತ್ತೆಂಟು ಬಂತು, ಆಮ್ಯಾಲೆ ಅರವತ್ತೆರಡು, ಆಮ್ಯಾಲೆ ಎಪ್ಪತ್ತೊಂದು. ತಪ್ಪು ಮೂರೂ ಸಲ ಒಂದ ನಮೂನಿ ಬರತೈತೇನ್ರಿ?”

ಅವಳು ಹೇಳುತ್ತಿದ್ದುದು 636.9ರ ಮುಂದಿನ ಅಂಕಿಗಳನ್ನು. ನಾನು ಮೂರು ಸಲ ಮಾಡಿದರೂ ನೂರು ಸಲ ಮಾಡಿದರೂ ಉತ್ತರ ಉತ್ತರವೇ ಎಂದೆ. ಉಳಿದ ತಂಡಗಳಿಗೆ ಸರಿ ಬಂದದ್ದು ನಿಮಗೊಬ್ಬರಿಗೇ ಯಾಕೆ ಬರಲಿಲ್ಲ ಎಂದು ಕೇಳಿದೆ. ಅವಳು ಮೆಲ್ಲಗೆ ಹೇಳಿದಳು.

“ಹೊಂದಸೂದು ನಮಗೂ ಬರ್ತಿತ್ರಿ ಸರ್. ಆದ್ರ ಮೂರು ಸಲ ನಡದ ಮ್ಯಾಲೆ ಯಾವುದನ್ನ ಹೊಂದಸಬೇಕು ತಿಳೀಲಿಲ್ಲ.”

ಹೊಂದಿಸುವುದು ಎಂದರೆ ನಮ್ಮ ವಿದ್ಯಾರ್ಥಿಗಳ ನಡುವೆ ಎಲ್ಲರಿಗೂ ಗೊತ್ತಿರುವ ಕೆಲಸ. ಉತ್ತರ ಮೊದಲೇ ಗೊತ್ತಿದ್ದರೆ ನೆರಳಲ್ಲಿ ಕೂತು, ಕೊನೆಯ ಒಂದೆರಡು ಓದುಗಳನ್ನು ಅಳಿಸಿ, ಲೆಕ್ಕ ಸರಿಯಾಗುವಂತೆ ಬೇರೆ ಬರೆಯುವುದು. ಗೊತ್ತಿದ್ದೂ ನಾನು ಆ ಮಾತನ್ನು ಕೇಳಿಸಿಕೊಳ್ಳದವನಂತೆ ಇದ್ದೆ. ಬದಲಿಗೆ ನನ್ನ ಕೊನೆಯ ಮಾತು ಹೇಳಿದೆ.

“ಆ ಕಟ್ಟಿ ಹೋದ ವರ್ಷ ನಾನ ಚೆಕ್ ಮಾಡೇನಿ, ನೋಡವಾ. ಅದರಾಗ ತಪ್ಪು ಇಲ್ಲ.”

ಅವಳು ಪುಸ್ತಕ ಮಡಚಿಕೊಂಡು ಹೋದಳು.

ಹೇಳಿದ ಮಾತು ಸುಳ್ಳೆಂದು ನನಗೆ ಅನಿಸಿರಲಿಲ್ಲ. ಕಟ್ಟೆಯ ಮುಂದೆ ಮೊಳಕಾಲೂರಿ ಕೋಲಿನ ಬುಡ ನೋಡಿದ್ದು, ಪ್ಯಾಂಟಿಗೆ ಹತ್ತಿದ ಧೂಳು, ಪಕ್ಕದಲ್ಲಿ ಹುಣಸೆಮರದ ನೆರಳಲ್ಲಿ ಪೇರಲಹಣ್ಣು ಮಾರುತ್ತಿದ್ದ ಮುದುಕಿ, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಆದರೆ ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಗುಡಿಯ ಕಡೆ ನೋಡಿದಾಗ ಹುಣಸೆಮರ ಕಾಣಲಿಲ್ಲ. ಅಲ್ಲಿರುವುದು ಬೇವು. ಚಾಚಾರನ್ನು ಕೇಳಿದೆ. ಇಲ್ಲಿ ಹುಣಸೆಮರ ಯಾವತ್ತೂ ಇರಲಿಲ್ಲ ಎಂದರು.

ಚೀಲದಲ್ಲಿ ಹೋದ ವರ್ಷದ ದಿನಚರಿಯೂ ಇತ್ತು. ತೆಗೆದು ನೋಡಿದೆ. ಶಿಬಿರದ ಮೊದಲ ಮೂರು ದಿನ ನಾನು ಲಕ್ಷ್ಮೇಶ್ವರದಲ್ಲಿ ಪರೀಕ್ಷಾ ಕೆಲಸದ ಮೇಲಿದ್ದೆ. ಲೆವೆಲಿಂಗ್ ನೋಡಿಕೊಂಡದ್ದು ಒಬ್ಬ ಅತಿಥಿ ಉಪನ್ಯಾಸಕ. ಹುಣಸೆಮರ ಮತ್ತು ಪೇರಲಹಣ್ಣಿನ ಮುದುಕಿ ಅದರ ಹಿಂದಿನ ವರ್ಷ, ಮುಂಡರಗಿ ತಾಲೂಕಿನ ಹಮ್ಮಿಗಿ ಕಡೆಗೆ ಬೇರೆ ಕೆಲಸಕ್ಕೆ ಹೋಗಿದ್ದಾಗಿನದು. ಅಂದರೆ ಈ ಕಟ್ಟೆಯನ್ನು ನಾನು ಒಮ್ಮೆಯೂ ಅಳೆದಿರಲಿಲ್ಲ. 636.815 ಎಂಬುದು ಒಂದು ವರದಿಯಿಂದ ಇನ್ನೊಂದು ವರದಿಗೆ ನಕಲಾಗುತ್ತ ಬಂದ ಅಂಕಿ. ವಿಶ್ವವಿದ್ಯಾಲಯದಲ್ಲಿ ಓದುವಾಗ ನನಗೆ ಗಟ್ಟಿಯಾಗಿ ಕಲಿಸಿದ್ದು ಒಂದೇ: ಅಳೆಯದೆ ನಂಬಬೇಡ. ನಾನೋ, ಅಳೆದೆ ಎಂದು ನಂಬಿಕೊಂಡಿದ್ದೆ. ಅವಳ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತ್ತು. ಎಡವಟ್ಟು ಕೆಲಸದ ತಪ್ಪು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಬೀಳುತ್ತದೆ. ಮೂರು ಸಲವೂ ಒಂದೇ ಕಡೆ, ಒಂದೇ ಅಳತೆಗೆ ಬಿದ್ದರೆ ಅದಕ್ಕೆ ಏನೋ ಕಾರಣವಿರಬೇಕು.

ವಿದ್ಯಾರ್ಥಿಗಳನ್ನು ಕೆರೆಯ ಒಡ್ಡಿನ ಕೆಲಸಕ್ಕೆ ಹಚ್ಚಿ, ನಾನೂ ಚಾಚಾ ಲೆವೆಲ್ ಯಂತ್ರ ಎತ್ತಿಕೊಂಡು ಕೋಡಿಗೆ ಹೋದೆವು. ಓದುವುದು, ಬರೆಯುವುದು ನಾನು. ಕೋಲು ಹಿಡಿಯುವುದು ಅವರು. ಚಕ್ಕಡಿ ದಾರಿ ಹಿಡಿದು ಹೊರಟೆವು. ಚಾಚಾ ಎಲ್ಲಿಯೂ ಕೋಲನ್ನು ಬರಿ ನೆಲದ ಮೇಲೆ ಇಡಲಿಲ್ಲ. ಗಟ್ಟಿ ಕಲ್ಲು ಸಿಕ್ಕರೆ ಕಲ್ಲು, ಇಲ್ಲದಿದ್ದರೆ ಒಂದು ಗೂಟ ಬಡಿದು ಅದರ ತಲೆಯ ಮೇಲೆ. ಪ್ರತಿ ಸಲವೂ ಗೂಟ ಬಡಿಯಲು ಅವರು ತೆಗೆದುಕೊಳ್ಳುವ ಹೊತ್ತಿಗೆ ನನಗೆ ಚಡಪಡಿಕೆ. ಯಂತ್ರದ ಸುತ್ತ ತಿರುಗುತ್ತಿದ್ದೆ. ಒಮ್ಮೆ ಅವರು ಬಗ್ಗಿದಲ್ಲಿಂದಲೇ ಹೇಳಿದರು, “ಸಾಹೇಬ್ರ, ಯಂತ್ರ ಅಳಗಾಡತೈತಿ. ದೂರ ಅಡ್ಯಾಡ್ರಿ.”

ಗುಡಿ ಮುಟ್ಟುವ ಹೊತ್ತಿಗೆ ಹನ್ನೊಂದಾಗಿತ್ತು. ಉತ್ತರ 636.928. ನಾನು ಕಟ್ಟೆಯ ಮೇಲೆಯೇ ಕೂತು ಮೂರು ಸಲ ಕೂಡಿ ಕಳೆದೆ. ಪುಸ್ತಕದ ಅಂಕಿಗಿಂತ ಹನ್ನೊಂದು ಸೆಂಟಿಮೀಟರ್ ಚಿಲ್ಲರೆ ಮೇಲೆ. ಚಾಚಾ ಕೋಲನ್ನು ಪಕ್ಕಕ್ಕಿಟ್ಟು ಬಾಣದ ಗುರುತನ್ನು ಬೆರಳಿಂದ ಒರೆಸಿ ನೋಡುತ್ತಿದ್ದರು.

“ಈ ಬಣ್ಣ ನಮ್ಮದಲ್ರಿ ಸಾಹೇಬ್ರ. ನಾವು ಹಚ್ಚೂದು ರೆಡ್ ಆಕ್ಸೈಡ್. ಇದು ಬಾಗಲಕ್ಕ ಹಚ್ಚೂ ಎಣ್ಣಿ ಬಣ್ಣ.”

ಅಷ್ಟರಲ್ಲಿ ಗುಡಿಯ ಕಮಿಟಿಯ ಹಿರಿಯರೊಬ್ಬರು ಬಂದರು. ಬಾಣ ಯಾರು ಬರೆದದ್ದು ಎಂದು ಕೇಳಿದೆ. ಅವರು ಸಂತೋಷದಿಂದ ವಿವರಿಸಿದರು. ಆ ವರ್ಷವೇ ಮಳೆಗಾಲದ ಮುಂಚೆ ಕಟ್ಟೆಯನ್ನು ರಿಪೇರಿ ಮಾಡಿಸಿದ್ದರು. ಹಳೆಯ ಕಲ್ಲಿನ ಮೇಲೆ ಮೂರು ಇಂಚು ಕಾಂಕ್ರೀಟು, ಅದರ ಮೇಲೆ ಹಾಸುಗಲ್ಲು. ಕಟ್ಟಡ ಕೆಲಸದ ಗೌಂಡಿ ಕೆಂಪು ಬಾಣವನ್ನು ಮುಚ್ಚಲು ಹೋದಾಗ ಕಮಿಟಿಯವರು ಕೆಲಸ ನಿಲ್ಲಿಸಿದ್ದರು.

“ಸರ್ಕಾರಿ ಗುರ್ತು ಕಳೀಬಾರ್ದು ಅಂತ ನಾವ ಹೇಳಿದಿವ್ರಿ. ಗೌಂಡಿ ಕಡೆ ಅಳತಿ ಹಿಡಿಸಿ, ಕೆಳಗ ಎಲ್ಲಿ ಇತ್ತು, ಬರೋಬರಿ ಅದರ ಮ್ಯಾಲ ತೆಗಸೀವಿ. ಒಂದು ಬಟ್ಟು ಆ ಕಡೆ ಈ ಕಡೆ ಆಗಿಲ್ರಿ.”

ಅದು ನಿಜವೇ. ಬಾಣ ಉದ್ದಕ್ಕಾಗಲಿ ಅಗಲಕ್ಕಾಗಲಿ ಒಂದು ಬೆರಳೂ ಸರಿದಿರಲಿಲ್ಲ. ಪಕ್ಕದಲ್ಲಿದ್ದ ಅಂಕಿಯನ್ನೂ, 636.815, ಸುಂದರವಾಗಿ ನಕಲು ಮಾಡಿಸಿದ್ದರು. ಎತ್ತರ ಒಂದು ಮಾತ್ರ ನಾಲ್ಕೂವರೆ ಇಂಚು ಮೇಲೇರಿತ್ತು. ನಮ್ಮ ಗುರುತಿನ ಮೇಲೆ ಇಷ್ಟು ಗೌರವ ಇಟ್ಟವರಿಗೆ ಏನು ಹೇಳುವುದು? ಉಪಕಾರವಾಯಿತು ಎಂದೆ. ಚಾಚಾ ಮುಖ ತಿರುಗಿಸಿಕೊಂಡು ನಗುತ್ತಿದ್ದರು.

ಮಧ್ಯಾಹ್ನ ಊಟವಾದ ಮೇಲೆ ನಾಲ್ಕನೇ ತಂಡದ ಪುಸ್ತಕವನ್ನು ಮೊದಲಿನಿಂದ ಓದಿದೆ. ಅಂಕ ಕೊಡುವಾಗ ನಾನು ನೋಡಿದ್ದು ಕೊನೆಯ ಸಾಲನ್ನು ಮಾತ್ರ. ನಿಜವಾದ ಎತ್ತರ 636.928 ಆದರೆ ಅವರ 636.968 ಈಗಲೂ ನಾಲ್ಕು ಸೆಂಟಿಮೀಟರ್ ಹೆಚ್ಚು. ಮಾಫಿಯ ಮೂರು ಸೆಂಟಿಮೀಟರನ್ನೂ ದಾಟುತ್ತದೆ. ಅಂದರೆ ಕಟ್ಟೆಯ ತಪ್ಪು ಕಳೆದರೂ ನನ್ನ ನಿಯಮದಲ್ಲಿ ಅವಳಿಗೆ ಏಳು ಬರುತ್ತಿರಲಿಲ್ಲ. ಒಪ್ಪಿಕೊಳ್ಳುತ್ತೇನೆ, ಒಂದು ಕ್ಷಣ ನನಗೆ ಹಗುರ ಅನಿಸಿತು. ಪೂರ್ತಿ ತಪ್ಪು ನನ್ನದಲ್ಲವಲ್ಲ ಎಂದು.

ಆಮೇಲೆ ಪುಟ ತಿರುಗಿಸಿದೆ. ವಾಪಸ್ ಬಂದ ಲೆಕ್ಕವನ್ನೂ ಅವರು ಪೂರ್ತಿ ಬರೆದಿದ್ದರು. ಕೋಡಿಗೆ ಮರಳಿದಾಗ ಅವರಿಗೆ ಬಂದದ್ದು 641.250 ಅಲ್ಲ, 641.326. ಎಪ್ಪತ್ತಾರು ಮಿಲಿಮೀಟರ್ ಹೆಚ್ಚು. ಅದನ್ನು ಅಳಿಸದೆ, ತಿದ್ದದೆ, ಕೆಳಗೆ ಗೆರೆ ಎಳೆದು ಬಿಟ್ಟಿದ್ದರು. ನಾನು ಪೆನ್ಸಿಲ್ ಹಿಡಿದು ಆ ಎಪ್ಪತ್ತಾರನ್ನು ಎರಡು ಪಾಲು ಮಾಡಿದೆ. ಹೋಗುವಾಗಿನ ಪಾಲು ಮೂವತ್ತೆಂಟು. 636.968ರಲ್ಲಿ ಅದನ್ನು ಕಳೆದರೆ 636.930.

ನಾನೂ ಚಾಚಾ ಗೂಟ ಬಡಿದು ಅರ್ಧ ದಿನ ಕಷ್ಟಪಟ್ಟು ತಂದ ಉತ್ತರಕ್ಕೂ ಅದಕ್ಕೂ ಎರಡು ಮಿಲಿಮೀಟರ್ ಅಂತರ.

ಅವಳನ್ನು ಕರೆಸಿದೆ. ಯಾವ ದಾರಿಯಲ್ಲಿ ನಡೆದಿರಿ ಎಂದು ಕೇಳಿದೆ. ಚಕ್ಕಡಿ ದಾರಿಯಲ್ಲಿ ಉಳಿದ ತಂಡಗಳ ಗದ್ದಲವಿತ್ತು, ಅದಕ್ಕೆ ಕಡಲೆ ಹೊಲಗಳ ಬದುವಿನ ಮೇಲೆ ಹೋದೆವು ಎಂದಳು. ವಾರದ ಹಿಂದೆ ಮಳೆಯಾಗಿತ್ತು. ಕಪ್ಪು ಎರೆ ಮಣ್ಣು, ಒಳಗೆ ಇನ್ನೂ ಹಸಿ. ಒಂದು ಓದು ಮುಗಿಸಿ, ಯಂತ್ರ ಮುಂದಕ್ಕೆ ಒಯ್ದು, ಇನ್ನೊಂದು ಓದು ತೆಗೆದುಕೊಳ್ಳುವಷ್ಟರಲ್ಲಿ ಕೋಲು ಎರಡು ಮೂರು ಮಿಲಿಮೀಟರ್ ಕೆಳಗಿಳಿಯುತ್ತದೆ. ಹದಿನಾಲ್ಕು ಕಡೆ ಹಾಗಾದರೆ ನಾಲ್ಕು ಸೆಂಟಿಮೀಟರ್ ಆಯಿತು. ಮಜವೆಂದರೆ ಈ ತಪ್ಪು ಹೋಗುವಾಗಲೂ ಎತ್ತರವನ್ನು ಹೆಚ್ಚು ತೋರಿಸುತ್ತದೆ, ಬರುವಾಗಲೂ ಹೆಚ್ಚೇ ತೋರಿಸುತ್ತದೆ. ಹಾಗಾಗಿಯೇ ಅರ್ಧಕ್ಕೆ ಹಂಚಿದರೆ ಅದು ಹೊರಬೀಳುತ್ತದೆ.

ಹಸಿ ಎರೆಯಲ್ಲಿ ಕೋಲು ಇಡಬಾರದೆಂದು ತರಗತಿಯಲ್ಲಿ ಹೇಳಿದ್ದೆನಲ್ಲ ಎಂದೆ. ಅವಳು ಒಳಗೆ ಹೋಗಿ ಗೆಳತಿಯ ನೋಟ್ಸ್ ತಂದಳು. ತಾನು ಇರದಿದ್ದ ದಿನಗಳದ್ದನ್ನೂ ಅದರಿಂದಲೇ ಬರೆದುಕೊಂಡಿದ್ದಳಂತೆ. ಇಬ್ಬರೂ ಹುಡುಕಿದೆವು. ಕೋಲು ನೆಟ್ಟಗಿರಬೇಕು ಎಂದಿತ್ತು, ಯಂತ್ರ ಎರಡೂ ಕಡೆಗೆ ಸಮದೂರದಲ್ಲಿರಬೇಕು ಎಂದಿತ್ತು. ಎರೆಯ ಮಾತು ಇರಲಿಲ್ಲ. ಹೇಳಿದ್ದು ಯಾವ ವರ್ಷದ ತರಗತಿಗೋ, ಅಥವಾ ಹೇಳಬೇಕು ಅಂದುಕೊಂಡದ್ದು ಮಾತ್ರವೋ, ನನಗೆ ಇಂದಿಗೂ ಗೊತ್ತಿಲ್ಲ.

ಸಂಜೆ ಎಲ್ಲರನ್ನೂ ಕೂರಿಸಿ ಕಟ್ಟೆಯ ವಿಷಯ ಹೇಳಿದೆ. ಉತ್ತರವೆಂದು ನಾನು ಬಾಗಿಲಿಗೆ ಅಂಟಿಸಿದ್ದ ಅಂಕಿಯೇ ತಪ್ಪು, ಅದನ್ನು ನಾನು ಪರೀಕ್ಷಿಸಿಯೇ ಇರಲಿಲ್ಲ ಎಂದೆ. ಹೇಳುವ ಮುಂಚೆ ಕಷ್ಟವಾಗುತ್ತದೆ ಅಂದುಕೊಂಡಿದ್ದೆ. ಹೇಳಿದ ಮೇಲೆ ಅಂಥದ್ದೇನೂ ಆಗಲಿಲ್ಲ. ಕಷ್ಟವಾದದ್ದು ಮುಂದಿನ ಮಾತು. ಹಾಗಾದರೆ ಮೂರು ತಂಡಗಳಿಗೆ ಆ ತಪ್ಪು ಉತ್ತರ ಹೇಗೆ ಬಂತು ಎಂದು ಕೇಳಿದೆ. ಇಪ್ಪತ್ತಕ್ಕೆ ಇಪ್ಪತ್ತು ಪಡೆದಿದ್ದ ಮೂರನೇ ತಂಡದ ಮುಂದಾಳು ಎದ್ದು ನಿಂತ. ಲಕ್ಷ್ಮೇಶ್ವರದವನು, ಮಾತಿನಲ್ಲಿ ಚುರುಕು.

“ನಮಗೂ ಹನ್ನೊಂದು ಸೆಂಟಿಮೀಟರ್ ಹೆಚ್ಚ ಬಂದಿತ್ರಿ ಸರ್. ನಾವ ಎಲ್ಲೋ ತಪ್ಪೇವಿ ಅಂತ ಹೊಂದಸಿದಿವಿ. ನೀವು ಹೇಳಿದ ಉತ್ರಕ್ಕ ಹೊಂದಸೀವ್ರಿ. ತಪ್ಪು ನಿಮ್ದು, ಈಗ ಮಾರ್ಕ್ ನಮ್ದು ಹೋದ್ರ ಹ್ಯಾಂಗ್ರಿ?”

ಹಿಂದಿನಿಂದ ಯಾರೋ ನಕ್ಕರು. ವಿಚಾರಿಸಿದರೆ ಒಂದನೇ ತಂಡಕ್ಕೂ ಹತ್ತು ಹನ್ನೊಂದೇ ಬಂದಿತ್ತು, ಎರಡನೆಯದಕ್ಕೆ ಹನ್ನೆರಡು. ಮೂರು ತಂಡಗಳೂ ಬೇರೆ ಬೇರೆಯಾಗಿ ಅಳೆದು, ಸರಿಯಾದ ಉತ್ತರ ಕಂಡುಹಿಡಿದು, ನನ್ನ ಅಂಕಿಗೆ ಹೆದರಿ ಅದನ್ನು ರಬ್ಬರಿನಿಂದ ಉಜ್ಜಿದ್ದವು. ಇದು ನನ್ನ ನಿಯಮ ಮಾಡಿಸಿದ ಕೆಲಸ. ಫಲಿತಾಂಶಕ್ಕೇ ಅಂಕ ಎಂದು ನಾನು ಹಟ ಹಿಡಿದಿದ್ದೆ, ಕೈಗೆ ಬಂದ ಒಳ್ಳೆಯ ಫಲಿತಾಂಶವನ್ನು ಹುಡುಗರು ಅಂಕಕ್ಕಾಗಿ ಅಳಿಸಿದ್ದರು.

ಮರುದಿನ ಮಧ್ಯಾಹ್ನ ಮುಖ್ಯಸ್ಥರು ಗದಗಿನ ಬಸ್ಸಿನಲ್ಲಿ ಶಿಬಿರ ನೋಡಲು ಬಂದರು. ಚೀಲದ ತುಂಬ ಹುಡುಗರಿಗೆಂದು ಮಿರ್ಚಿ ಭಜಿ. ಸಮುದಾಯ ಭವನದ ಪಡಸಾಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಎಲ್ಲರಿಗೂ ಹದಿನೈದು ಹದಿನೈದು ಹಾಕಿ ಮುಗಿಸಿ ಎಂದರು. ಹಾಗೆ ಹಾಕಿದರೆ ಹುಡುಗಿ ಪಾಸಾಗುತ್ತಾಳೆ, ಯಾರಿಗೂ ನೋವಿಲ್ಲ. ಸುಲಭದ ದಾರಿ. ನಾನು ಒಪ್ಪಲಿಲ್ಲ. ಅಳಿಸಿದವರಿಗೂ ಅಳಿಸದವಳಿಗೂ ಒಂದೇ ಅಂಕ ಕೊಟ್ಟರೆ ಮುಂದಿನ ವರ್ಷ ಎಲ್ಲರೂ ಅಳಿಸುತ್ತಾರೆ ಎಂದೆ.

ಅವರು ಚಹಾ ಕಪ್ಪು ಕೆಳಗಿಟ್ಟರು. “ಹಂಗಾರ ಮೂರು ಸಲ ನಡದಾಕಿಗೆ ಏನ ಕೊಡ್ತೀರಿ? ಶ್ರಮಕ್ಕ ಮಾರ್ಕ್ ಇಲ್ಲ ಅಂದವ್ರು ನೀವ.”

ಮೂರು ಸಲ ನಡೆದದ್ದಕ್ಕೆ ಏನೂ ಕೊಡುವುದಿಲ್ಲ ಎಂದೆ. ಹಾಗೆ ಕೊಟ್ಟರೆ ನಾಳೆ ಇನ್ನೊಬ್ಬ ನಾಲ್ಕು ಸಲ ನಡೆದು ಬಂದು ಕೇಳುತ್ತಾನೆ. ಅವಳ ಉತ್ತರವೂ ತಪ್ಪೇ ಇತ್ತು, ಅದಕ್ಕೂ ಕೊಡುವುದಿಲ್ಲ. ಆದರೆ ಅವಳ ಪುಸ್ತಕ ಹಿಡಿದು, ಅವಳನ್ನು ಕೇಳದೆಯೇ, ತಪ್ಪು ಎಷ್ಟೆಂದು ನಾನು ಕಂಡುಹಿಡಿದು ತಿದ್ದಿದೆ. ಉಳಿದ ಮೂರು ಪುಸ್ತಕ ಹಿಡಿದು ಹಾಗೆ ಮಾಡಲು ಆಗುವುದಿಲ್ಲ. ಅಲ್ಲಿ ತಿದ್ದಲು ಏನೂ ಉಳಿದಿಲ್ಲ. ಅಂಕ ಸಿಗಬೇಕಾದದ್ದು ಅವಳದರಂಥ ಪುಸ್ತಕಕ್ಕೆ.

“ಅದಕ್ಕ ನಾವು ಇಷ್ಟ ದಿನ ಶ್ರಮ ಅಂತಿದ್ವಿ,” ಎಂದರು ಅವರು. “ನೀವು ಬ್ಯಾರೆ ಹೆಸರ ಇಟ್ರಿ. ಆತು, ಬರೀರಿ.”

ಅಲ್ಲ, ಎರಡೂ ಬೇರೆ ಎಂದು ನಾನು ಹೇಳುವಷ್ಟರಲ್ಲಿ ಅವರು ಭಜಿ ಹಂಚಲು ಎದ್ದುಹೋದರು. ಆ ವಾದ ಇನ್ನೂ ಮುಗಿದಿಲ್ಲ.

ಆ ಸಂಜೆ ಹೊಸ ನಿಯಮ ಅಂಟಿಸಿದೆ. ಲೆವೆಲಿಂಗಿನ ಹಳೆಯ ಅಂಕಗಳೆಲ್ಲ ರದ್ದು, ನಾಲ್ಕೂ ತಂಡಗಳದ್ದು. ಶಿಬಿರ ಒಂದು ದಿನ ಹೆಚ್ಚು. ಎಲ್ಲರೂ ಕೋಡಿಯಿಂದ ಊರ ಶಾಲೆಯ ಜಗುಲಿಯವರೆಗೆ ಹೊಸದಾಗಿ ಅಳೆದು, ಅಳೆಯುತ್ತಲೇ ಕೋಡಿಗೆ ವಾಪಸ್ ಬರಬೇಕು. ಆ ಜಗುಲಿಯ ಎತ್ತರ ಎಷ್ಟೆಂದು ಯಾವ ವರದಿಯಲ್ಲೂ ಇಲ್ಲ, ನನಗೂ ಗೊತ್ತಿಲ್ಲ. ಹತ್ತು ಅಂಕ ಹೊರಟಲ್ಲಿಗೆ ಎಷ್ಟು ಸರಿಯಾಗಿ ಮರಳಿದಿರಿ ಎಂಬುದಕ್ಕೆ. ಇನ್ನು ಹತ್ತು ಪುಸ್ತಕಕ್ಕೆ: ಪೆನ್ಸಿಲ್ ಇಲ್ಲ, ಪೆನ್ನು ಮಾತ್ರ, ತಪ್ಪಿದರೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಬರೆಯಬೇಕು, ಕೋಲು ಇಟ್ಟ ಪ್ರತಿ ಜಾಗದ ನೆಲ ಎಂಥದ್ದು ಎಂದು ಹೇಳಬೇಕು. ಮರಳಿದ್ದು ಸರಿ ಬರದಿದ್ದರೆ ಎಷ್ಟು ಬಂತೋ ಅಷ್ಟೇ ಬರೆದು ಕಾರಣ ಹುಡುಕಿದರೆ ಪುಸ್ತಕದ ಅಂಕ ಹೋಗುವುದಿಲ್ಲ. ಮೊದಲ ಸಲದ ಪುಸ್ತಕವನ್ನೂ ವರದಿಗೆ ಲಗತ್ತಿಸಬೇಕು. ಚಾಚಾ ಅದನ್ನು ಓದಿಸಿಕೊಂಡು ಕೇಳಿ, ಗೂಟಗಳ ಚೀಲವನ್ನು ಬಾಗಿಲ ಬಳಿ ತಂದಿಟ್ಟರು.

ಬೆಟಗೇರಿಯ ಹುಡುಗಿ ಬಂದು ತಮ್ಮ ತಂಡವೂ ಮತ್ತೆ ಮಾಡಬೇಕೇ ಎಂದು ಕೇಳಿದಳು. ಮೂರು ಸಲ ಆಗಿದೆಯಲ್ಲ ಎಂಬುದು ಮುಖದಲ್ಲಿತ್ತು. ಹೌದು ಎಂದೆ. ಆ ಹೌದು ಹೇಳುವುದು ನನಗೆ ಸುಲಭವಿರಲಿಲ್ಲ. ನಾಲ್ಕನೆಯ ಸಲ ಏನಾದರೂ ಎಡವಟ್ಟಾಗಿ ಏಳು ಬರದಿದ್ದರೆ, ಅವಳ ವರ್ಷವನ್ನು ಎರಡನೆಯ ಸಲ ಕಳೆದವನು ನಾನೇ ಆಗುತ್ತಿದ್ದೆ. ಮುಖ್ಯಸ್ಥರು ಬಸ್ಸು ಹತ್ತುವಾಗಲೂ, ಆ ಹುಡುಗಿಯದೊಂದು ನೋಡಿಕೊಳ್ಳಿ ಎಂದು ಹೇಳಿಯೇ ಹೋಗಿದ್ದರು. ನೋಡಿಕೊಳ್ಳುತ್ತೇನೆ ಎಂದೆನೋ ಸುಮ್ಮನಿದ್ದೆನೋ ನೆನಪಿಲ್ಲ.

ಮತ್ತೆ ಅಳೆದ ದಿನ ನಾನು ಯಾರ ಹತ್ತಿರವೂ ಹೋಗಲಿಲ್ಲ. ಒಡ್ಡಿನ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆ. ದೂರದಿಂದ ನಾಲ್ಕು ಯಂತ್ರಗಳು, ನಾಲ್ಕು ಬಿಳಿ ಕೋಲುಗಳು ಕಾಣುತ್ತಿದ್ದವು. ನಾಲ್ಕನೇ ತಂಡ ಈ ಸಲ ಚಕ್ಕಡಿ ದಾರಿ ಹಿಡಿದಿತ್ತು. ಅವಳು ಕೋಲು ಹಿಡಿದವನನ್ನು ಒಂದು ಕಡೆಯಿಂದ ಎಬ್ಬಿಸಿ ಇನ್ನೊಂದು ಕಲ್ಲಿಗೆ ಕಳಿಸುತ್ತಿದ್ದಳು. ಅವನು ಏನೋ ಗೊಣಗಿದ. ಅವಳು, ನೀ ಏನ ಮದುವಿಗೆ ಬಂದೀಯೇನಲೇ, ನೆಲ ನೋಡಿ ನಿಂದ್ರು, ಅಂದದ್ದು ಗಾಳಿಯಲ್ಲಿ ಕೇಳಿಸಿತು.

ಮೊದಲ ತಂಡ ಅರವತ್ತನಾಲ್ಕು ಮಿಲಿಮೀಟರ್ ತಪ್ಪಿತು. ಅಷ್ಟನ್ನೂ ಪೆನ್ನಿನಲ್ಲಿ ಬರೆದು, ಒಂಬತ್ತನೆಯ ಬಿಂದುವಿನಲ್ಲಿ ಕೋಲು ತಪ್ಪಾಗಿ ಓದಿರಬಹುದು ಎಂದು ಷರಾ ಹಾಕಿ, ಅಲ್ಲಿಂದ ಮತ್ತೆ ಅಳೆದು ಸರಿಮಾಡಿಕೊಂಡಿತು. ಎರಡನೆಯದು ಹದಿನೆಂಟಕ್ಕೆ ಮರಳಿತು. ಮೂರನೇ ತಂಡದ್ದು ಮೂವತ್ತೊಂದು. ಅವರಿಗೆ ಹದಿನಾಲ್ಕು ಅಂಕ ಬಂತು. ಇಪ್ಪತ್ತರಿಂದ ಹದಿನಾಲ್ಕಕ್ಕೆ ಇಳಿದ ಲಕ್ಷ್ಮೇಶ್ವರದವನು ಎರಡು ದಿನ ನನ್ನೊಂದಿಗೆ ನೆಟ್ಟಗೆ ಮಾತಾಡಲಿಲ್ಲ.

ನಾಲ್ಕನೇ ತಂಡ ಒಂಬತ್ತು ಮಿಲಿಮೀಟರಿಗೆ ಕೋಡಿ ಮುಟ್ಟಿತು. ಅವಳು ಲೆಕ್ಕವನ್ನು ಎರಡು ಸಲ ಮಾಡಿದಳು, ಆಮೇಲೆ ಅಲ್ಲಿಯೇ ಕೋಡಿಯ ಕಲ್ಲಿನ ಮೇಲೆ ಕೂತುಬಿಟ್ಟಳು. ಮರಳಿದ್ದಕ್ಕೆ ಹತ್ತು ಕೊಟ್ಟೆ. ಪುಸ್ತಕಕ್ಕೆ ಏಳು, ಮೂರು ಕಡೆ ನೆಲದ ವಿವರ ಬಿಟ್ಟುಹೋಗಿತ್ತು. ಹದಿಮೂರಕ್ಕೆ ಹದಿನೇಳು ಸೇರಿ ಮೂವತ್ತು. ಪಟ್ಟಿಗೆ ಸಹಿ ಹಾಕುವಾಗ ಮುಖ್ಯಸ್ಥರು ಆ ಮೂವತ್ತರ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ನೋಡಿಕೊಂಡದ್ದಲ್ಲ, ಬಂದದ್ದು ಎಂದು ಪುಸ್ತಕ ತೋರಿಸಿದೆ.

ಅವಳು ಪರೀಕ್ಷೆಗೆ ಕೂತಳು. ಮೌಖಿಕ ಪರೀಕ್ಷೆಗೆ ಹೊರಗಿನ ಕಾಲೇಜಿನಿಂದ ಒಬ್ಬರು ಪರೀಕ್ಷಕರು ಬಂದಿದ್ದರು. ಅವಳ ಸರದಿ ಬಂದದ್ದು ಮಧ್ಯಾಹ್ನದ ಮೇಲೆ. ಅಷ್ಟು ಹೊತ್ತಿಗೆ ಅವರು ವರದಿಗಳ ಹಾಳೆಗಳನ್ನು ಬೀಸಣಿಗೆಯಂತೆ ತಿರುಗಿಸುವ ಸ್ಥಿತಿಗೆ ಬಂದಿದ್ದರು. ತಲೆ ಎತ್ತದೆಯೇ ಕೇಳಿದರು, ಮೊದಲ ಸಲ ಮಾಡಿದಾಗ ಎಷ್ಟು ತಪ್ಪು ಬಂತು ಎಂದು. ನಾನು ಕೋಣೆಯ ಇನ್ನೊಂದು ಮೂಲೆಯಲ್ಲಿ ಹಾಜರಿ ಪಟ್ಟಿ ಹಿಡಿದು ಕೂತಿದ್ದೆ.

“ಎಪ್ಪತ್ತಾರು ಮಿಲಿಮೀಟರ್ ರೀ ಸರ್,” ಎಂದಳು ಅವಳು.

ಅವರ ಕೈ ನಿಂತಿತು. ಎಪ್ಪತ್ತಾರೇ ಎಂದು ಮತ್ತೆ ಕೇಳಿದರು. ಹೌದು ಎಂದು ಅವಳು ಹಳೆಯ ಪುಸ್ತಕದ ಆ ಪುಟ ತೆರೆದು ಮುಂದಿಟ್ಟಳು. ಅವರು ಕನ್ನಡಕ ಹಾಕಿಕೊಂಡು ಮೇಲಿನ ಸಾಲಿನಿಂದ ಓದತೊಡಗಿದರು. ಅರ್ಧ ಪುಟ ಆದ ಮೇಲೆ, ಅವಳು ಇನ್ನೂ ನಿಂತೇ ಇದ್ದಾಳೆಂಬುದು ಗಮನಕ್ಕೆ ಬಂದು, ಪಕ್ಕದ ಕುರ್ಚಿ ಎಳೆದರು.

“ಕುಂಡ್ರವಾ,” ಎಂದರು. “ಹ್ಯಾಂಗ ತಪ್ತು ಹೇಳು.”